ಆರು ಮತ್ತು ಏಳರ ನಡುವೆ

ಹದಿನಾರು ವರ್ಷ ನಾನು ಬರೆದದ್ದನ್ನು
ವಾಝಾ ಓದುತ್ತಿದ್ದ.
ಗ್ಲದಾನಿ ಬಡಾವಣೆಯ ಲಿಫ್ಟುಗಳ ವಾರ್ಷಿಕ ವರದಿ:
ಸವೆದ ಹಗ್ಗವೆಷ್ಟು, ಬಿರುಕು ಬಿಟ್ಟ ಗಾಲಿಯೆಷ್ಟು,
ಕಾಸು ನುಂಗಿ ಕದಲದೆ ನಿಂತ ಪೆಟ್ಟಿಗೆಯೆಷ್ಟು.
ಅಂಕಿ ನನ್ನದು, ಬೆರಳಿಗಂಟಿದ ಜಿಡ್ಡು ನನ್ನದು,
ಚಪ್ಪಾಳೆ ಅವನ ಕೋಟಿನ ಜೇಬಿಗೆ.
ನಾನು ಹಿಂದಿನ ಸಾಲಿನಲ್ಲಿ ಕೂತು
ಅವನು ತಪ್ಪು ಓದಿದ ದಶಾಂಶವನ್ನು
ಬಾಯೊಳಗೇ ತಿದ್ದುತ್ತಿದ್ದೆ.

ಈ ಸಲ ವಾಝಾನ ಗಂಟಲಿಗೆ ಆಪರೇಷನ್ನು.
"ಎತೇರಿ, ನೀನೇ ಓದಿಬಿಡು" ಅಂದರು ಮೇಲಿನವರು,
ಸ್ಕ್ರೂ ಒಂದನ್ನು ಬಿಗಿದುಬಿಡು ಅನ್ನುವ ಹಾಗೆ.

ತ್ಬಿಲಿಸಿಯಲ್ಲಿ ಮಾತಿಗೇನು ಬರ?
ಹಬ್ಬದೂಟದ ಮೇಜಿಗೊಬ್ಬ ತಮದಾ ಎದ್ದು ನಿಂತನೆಂದರೆ
ಸತ್ತವರಿಗೊಂದು, ಇನ್ನೂ ಹುಟ್ಟದವರಿಗೊಂದು,
ನೆಂಟರಿಗೆ, ನೆರೆಯವರಿಗೆ, ದ್ರಾಕ್ಷಿಯ ಬೇರಿಗೆ
ಲೋಟ ಎತ್ತೆತ್ತಿ ಮಾತು ಸುರಿಯುತ್ತಾನೆ;
ತಟ್ಟೆಯಲ್ಲಿ ಖಿಂಕಾಲಿ ತಣ್ಣಗಾಗುತ್ತದೆ.
ನನ್ನ ಮಾವ ನುಗ್ಜಾರ್ ಅಂಥವನೇ. ಕೇಳಿದೆ:
ಹೇಗೆ ಮಾತಾಡುವುದು, ಹೇಳಿಕೊಡು.
"ಮೊದಲು ಲೋಟ ತುಂಬಿಸಿಕೊ" ಅಂದ.
ಪಾಲಿಕೆಯ ಸಭೆಯಲ್ಲಿ ಕೊಡುವುದು ನೀರು,
ಅದೂ ಪ್ಲಾಸ್ಟಿಕ್ ಬಾಟಲಿಯಲ್ಲಿ.

ಹದಿಮೂರನೇ ಬ್ಲಾಕಿನ ಲಿಫ್ಟನ್ನು
ರಿಪೇರಿಯ ನೆಪದಲ್ಲಿ ನಿಲ್ಲಿಸಿ
ಒಳಗೆ ಅಭ್ಯಾಸ ಮಾಡಿದೆ.
"ಮಾನ್ಯ ಸದಸ್ಯರೇ..."
ಕನ್ನಡಿಯ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ
ಹೃದಯದ ಆಚೆ ನನ್ನ ಮುಖ,
ಸಾಲ ಕೇಳಲು ಬಂದವಳ ಮುಖ.
ಕೈ ಎಲ್ಲಿಡಲಿ? ಜೇಬಿಗಿಟ್ಟರೆ ಸ್ಪ್ಯಾನರು,
ಎದೆಗೆ ಕಟ್ಟಿದರೆ ಅತ್ತೆಯ ಗತ್ತು.
ಮೂರನೇ ಮಹಡಿಯ ಹುಡುಗ ಹೊರಗಿನಿಂದ ಕೂಗಿದ:
"ಹಾಳಾಗಿರೋದು ಲಿಫ್ಟಾ, ನೀವಾ?"

ಆ ದಿನ ಮೈಕು ಒಮ್ಮೆ ಕೀಚಲು ಕೂಗಿ ಸುಮ್ಮನಾಯಿತು.
ಐವತ್ತು ಜನ. ಎದುರಿಗೇ ಒಬ್ಬ
ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ.
"ಮಾನ್ಯ" ಎಂದೆ.
ಸದಸ್ಯರು ಬಾಯಿಂದ ಹೊರಬರಲಿಲ್ಲ.
ನಾಲಿಗೆ, ಆರು ಮತ್ತು ಏಳರ ನಡುವೆ ಸಿಕ್ಕ ಪೆಟ್ಟಿಗೆ:
ಮೇಲೂ ಇಲ್ಲ, ಕೆಳಗೂ ಇಲ್ಲ.

ಆಗ ನೆನಪಾದಳು ಲಮಾರಾ ಅಜ್ಜಿ.
ಎರಡು ಚಳಿಗಾಲದ ಹಿಂದೆ, ಕರೆಂಟು ಹೋಗಿ,
ಮಡಿಲಲ್ಲಿ ಮೊಸರಿನ ಜಾಡಿ ಅವುಚಿಕೊಂಡು
ನಲವತ್ತು ನಿಮಿಷ ಕತ್ತಲಲ್ಲಿ ಒಬ್ಬಳೇ.
ಬಾಗಿಲ ಈಚೆ ಮಂಡಿಯೂರಿ
ಮಾತಾಡಿದ್ದು ನಾನೇ ಅಲ್ಲವೇ?
"ಅಜ್ಜೀ, ನಾನು ಎತೇರಿ. ಲಿಫ್ಟಿನವಳು.
ಈಗ ಒಂದು ಸದ್ದು ಬರುತ್ತದೆ, ಅದು ನನ್ನ ಕೀಲಿ.
ಆಮೇಲೆ ಒಂದು ಕುಲುಕು, ಅದು ಬ್ರೇಕು.
ಬೀಳುವುದಿಲ್ಲ."
ಅವಳಿಗಿಂತ ಮುಂಚೆ ಕುಡಿದ ಮದುಮಗನಿಗೆ,
ಪಿಯಾನೊ ಸಮೇತ ಸಿಕ್ಕಿಬಿದ್ದ ನಾಲ್ವರಿಗೆ,
ಬಸುರಿಗೆ, ಬಸುರಿಯ ಗಂಡನಿಗೆ (ಅವನೇ ಹೆಚ್ಚು ಅತ್ತದ್ದು),
ಮುಖ ಕಾಣದವರಿಗೆ
ಒಂದೊಂದೇ ಮಾತು, ಏಣಿ ಇಳಿಸಿದ ಹಾಗೆ.
ಅದನ್ನು ಭಾಷಣ ಎಂದು ಯಾರೂ ಕರೆದಿರಲಿಲ್ಲ,
ನಾನೂ.

ಹಾಳೆ ಮಡಚಿದೆ.
"ನಾನು ಎತೇರಿ. ಲಿಫ್ಟಿನವಳು.
ಈಗ ಒಂದು ಅಂಕಿ ಹೇಳುತ್ತೇನೆ, ಸದ್ದು ಮಾಡುತ್ತದೆ, ಹೆದರಬೇಡಿ.
ಇನ್ನೂರ ಹನ್ನೊಂದು ಲಿಫ್ಟುಗಳ ಹಗ್ಗ
ನನ್ನ ವಯಸ್ಸಿನದು.
ನನಗೆ ಮಂಡಿನೋವು ಶುರುವಾಗಿದೆ."
ಬೀಜ ಜಗಿಯುವವನ ದವಡೆ ನಿಂತಿತು.

ಹದಿನೇಳು ನಿಮಿಷ.
ಕೊನೆಗೆ ಯಾರೋ ಕೇಳಿದರು, ಇಷ್ಟು ವರ್ಷ ಎಲ್ಲಿದ್ದಿರಿ?
ಹಿಂದಿನ ಸಾಲಿನಲ್ಲಿ, ಎಂದೆ.
ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಹೊಸ ಹುಡುಗರಿಗೆ ಕಲಿಸುವ ಕೆಲಸ ಕೊಟ್ಟಿದ್ದಾರೆ ಈಗ.
ಹುದ್ದೆಯ ಮುಂದೆ 'ಹಿರಿಯ' ಅಂಟಿದೆ; ಸಂಬಳ ಮಾತ್ರ
ಹಳೆಯ ಮಹಡಿಯಲ್ಲೇ ಬಾಗಿಲು ತೆರೆಯುತ್ತದೆ.
ಮಾತಾಡಬಾರದೆಂದು ಡಾಕ್ಟರು ಹೇಳಿದ್ದಕ್ಕೆ
ವಾಝಾ ಚೀಟಿ ಬರೆದು ಕಳಿಸಿದ:
'ದಶಾಂಶ ಸರಿಯಾಗಿ ಓದಿದೆಯಂತೆ.'

ನಾಳೆ ಒಂಬತ್ತಕ್ಕೆ ನಿರ್ದೇಶಕರ ಕೋಣೆ.
ಕೇಳಬೇಕಾದ ಮೊತ್ತ, ಒಂದೇ ವಾಕ್ಯ.
ಹದಿಮೂರನೇ ಬ್ಲಾಕಿನ ಲಿಫ್ಟು
ಇವತ್ತು ರಾತ್ರಿ ಮತ್ತೆ ಸ್ವಲ್ಪ ಹೊತ್ತು
ಕೆಟ್ಟಿರುತ್ತದೆ.